ಸಹಿ ಯಾರದು?



ನಾನು ಮಾತಾಡಿ ಬದುಕಿದವನಲ್ಲ, ನೋಡಿ ಬದುಕಿದವನು. ವಿಮಾನ ರಿಪೇರಿಯ ಹ್ಯಾಂಗರಿನಲ್ಲಿ ಇನ್‌ಸ್ಪೆಕ್ಟರ್ ಆಗಿದ್ದೆ. ಬೇರೆಯವರು ಮಾಡಿದ ಕೆಲಸವನ್ನು ನೋಡುವುದು, ಸರಿಯಿದ್ದರೆ ಜಾಬ್ ಕಾರ್ಡಿನ ಮೇಲೆ ಸ್ಟಾಂಪ್ ಒತ್ತುವುದು, ಸರಿಯಿಲ್ಲದಿದ್ದರೆ ಎಲ್ಲರಿಂದ ಬೈಸಿಕೊಳ್ಳುವುದು. ಮೂವತ್ತು ಚಿಲ್ಲರೆ ವರ್ಷದ ಸರ್ವಿಸು ಇಷ್ಟೇ. ಈಗ ನಿಮ್ಮ ಕೈಯಿಂದ ಕೈಗೆ ಹೋಗುತ್ತಿರುವುದು ಆ ಕಾಲದ ಒಂದು ಕನ್ನಡಿ. ಹಳೆಯ ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು, ಉದ್ದನೆಯ ಕಡ್ಡಿಯ ತುದಿಗೆ ಕೀಲು ಹಾಕಿ ಕೂರಿಸಿದ್ದು. ಹಲ್ಲಿನ ಡಾಕ್ಟರ ಹತ್ತಿರ ಇಂಥದ್ದನ್ನು ನೋಡಿರುತ್ತೀರಿ, ಇದು ಅದರ ಅಣ್ಣ. ಪೈಪಿನ ಬೆನ್ನು, ಟ್ಯಾಂಕಿನ ತಳ, ಹೀಗೆ ಕಣ್ಣು ಹೋಗಲಾರದ ಕಡೆಗೆಲ್ಲ ಇದು ಹೋಗುತ್ತದೆ. ಇದರ ಕಥೆಯನ್ನು ಕೊನೆಗೆ ಹೇಳುತ್ತೇನೆ. ಅಲ್ಲಿಯವರೆಗೆ ದಯವಿಟ್ಟು ಬೀಳಿಸಬೇಡಿ, ಈಗಾಗಲೇ ಸೀಳು ಬಿಟ್ಟಿದೆ.

ನಾನು ಇವತ್ತು ಎತ್ತಿಕೊಂಡಿರುವ ಪ್ರಶ್ನೆ ಇದು: ಸೇನೆಯ ವಿಮಾನಗಳನ್ನು ಖಾಸಗಿ ಕಂಪನಿಗಳು ರಿಪೇರಿ ಮಾಡಬಹುದೇ? ಮಾಡುವುದಾದರೆ ಅವುಗಳಿಗೆ ಯಾರು, ಏನನ್ನು ನೋಡಿ ಮಂಜೂರಾತಿ ಕೊಡಬೇಕು? ಈ ಪ್ರಶ್ನೆ ಎತ್ತಿದ ಕೂಡಲೇ ಸಭೆ ಎರಡು ಪಕ್ಷವಾಗುತ್ತದೆ. ದೇಶದ ರಕ್ಷಣೆಯನ್ನು ಲಾಭಕೋರರ ಕೈಗೆ ಕೊಡುತ್ತೀರಾ ಎಂದು ಒಂದು ಕಡೆಯವರು ಕೇಳುತ್ತಾರೆ. ಸರ್ಕಾರಿ ಕಾರ್ಖಾನೆಯಲ್ಲಿ ಒಂದು ವಾಷರ್ ಬರಬೇಕಾದರೆ ಆರು ತಿಂಗಳು ಬೇಕು, ಗೊತ್ತಾ ಎಂದು ಇನ್ನೊಂದು ಕಡೆಯವರು. ಇಬ್ಬರೂ ಹೇಳುವುದರಲ್ಲಿ ನಿಜವಿದೆ. ಆದರೆ ಇಬ್ಬರೂ ಜಗಳವಾಡುತ್ತಿರುವ ಬೇಲಿ ಮಾತ್ರ ಹೊಲದ ನಡುವೆ ಎಲ್ಲೋ ತಪ್ಪು ಜಾಗದಲ್ಲಿದೆ ಎಂದು ನನ್ನ ಅನುಮಾನ.

ಬೆಂಗಳೂರಿನವರಾದ ನಾವಂತೂ ಈ ಪ್ರಶ್ನೆಗೆ ಹೊಸಬರಲ್ಲ. 1940ರ ಡಿಸೆಂಬರಿನಲ್ಲಿ ಇಲ್ಲಿ ಇವತ್ತಿನ ಎಚ್‌ಎಎಲ್‌ನ ಮೂಲವಾದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಶುರುವಾದಾಗ ಅದು ವಾಲ್‌ಚಂದ್ ಹೀರಾಚಂದ್ ಎಂಬ ಉದ್ಯಮಿಯ ಖಾಸಗಿ ಸಾಹಸ. ಮೈಸೂರು ಸಂಸ್ಥಾನ ಜಾಗ ಕೊಟ್ಟಿತು, ಬಂಡವಾಳದಲ್ಲೂ ಪಾಲು ಹಾಕಿತು. 1942ರಲ್ಲಿ ಭಾರತ ಸರ್ಕಾರ ವಾಲ್‌ಚಂದರ ಪಾಲನ್ನು ಕೊಂಡುಕೊಂಡಿತು. 1943ರಲ್ಲಿ ಕಾರ್ಖಾನೆಯ ಆಡಳಿತವೇ ಅಮೆರಿಕದ ಸೇನಾ ವಾಯುಪಡೆಯ ಕೈಗೆ ಹೋಯಿತು. ಒಂದೇ ಹ್ಯಾಂಗರಿಗೆ ಮೂರು ವರ್ಷದಲ್ಲಿ ಮೂವರು ಯಜಮಾನರು! ಯುದ್ಧ ಮುಗಿದ ಮೇಲೆ, ಕಾನ್ಪುರದಲ್ಲಿ ಮತ್ತೆ ಹಾರಬಾರದೆಂದು ಕೆಡಿಸಿ ಬಿಟ್ಟುಹೋಗಿದ್ದ ಲಿಬರೇಟರ್ ಬಾಂಬರುಗಳನ್ನು ಒಂದೊಂದಾಗಿ ಹೇಗೋ ಹಾರಿಸಿಕೊಂಡು ಇಲ್ಲಿಗೆ ತಂದು, ದುರಸ್ತಿ ಮಾಡಿ, ನಮ್ಮ ವಾಯುಪಡೆಗೆ ಕೊಟ್ಟದ್ದು ಇದೇ ಕಾರ್ಖಾನೆ. ಅವು 1968ರವರೆಗೆ ಸೇವೆಯಲ್ಲಿದ್ದವು. ಕಾನ್ಪುರದಿಂದ ಬೆಂಗಳೂರಿಗೆ ಹಾರಿ ಬರುವಾಗ ಅವುಗಳಿಗೆ ಯಾವ ಮಂಜೂರಾತಿ ಇತ್ತು ಎಂದು ಮಾತ್ರ ಕೇಳಬೇಡಿ. ಇವತ್ತಿನ ಆಡಿಟರ್ ಯಾರಾದರೂ ಕಂಡಿದ್ದರೆ ರನ್‌ವೇ ಮೇಲೆಯೇ ಕುಸಿದು ಕೂರುತ್ತಿದ್ದ.

ಈಗ ಸ್ವಲ್ಪ ಕಾನೂನು. 1944ರ ಷಿಕಾಗೊ ಒಪ್ಪಂದದ ಮೂರನೇ ವಿಧಿ ಜಗತ್ತಿನ ವಿಮಾನಗಳನ್ನು ಎರಡು ಜಾತಿ ಮಾಡಿತು. ಒಪ್ಪಂದ ಅನ್ವಯಿಸುವುದು ನಾಗರಿಕ ವಿಮಾನಗಳಿಗೆ ಮಾತ್ರ. ಸೇನೆ, ಕಸ್ಟಮ್ಸ್, ಪೊಲೀಸ್ ಸೇವೆಯಲ್ಲಿರುವವು ಸರ್ಕಾರದ ವಿಮಾನಗಳು, ಅವು ಹೊರಗೆ. ಹಾಗಾಗಿ ನೀವು ಹುಬ್ಬಳ್ಳಿಗೆ ಹೋಗುವ ವಿಮಾನವನ್ನು ರಿಪೇರಿ ಮಾಡುವ ಕಂಪನಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ‘ಕಾರ್-145’ ಎಂಬ ನಿಯಮದಡಿ ಮಂಜೂರಾತಿ ಪಡೆದಿರಲೇಬೇಕು. ಯುದ್ಧವಿಮಾನದ ಕಡೆಗೆ ಆ ಇಲಾಖೆ ತಿರುಗಿಯೂ ನೋಡುವಂತಿಲ್ಲ. ಸೇನೆ ತಾನೇ ಹಾರಿಸುತ್ತದೆ, ತಾನೇ ನಿಯಮ ಬರೆಯುತ್ತದೆ, ನಿಯಮ ಪಾಲನೆಯಾಯಿತೇ ಎಂದು ತಾನೇ ನೋಡಿಕೊಳ್ಳುತ್ತದೆ. ಮನೆಯವರೇ ಕೆಲಸ ಮಾಡುತ್ತಿದ್ದಾಗ ಇದು ಹೇಗೋ ನಡೆಯುತ್ತಿತ್ತು. ಹೊರಗಿನ ಕಂಪನಿ ಸ್ಪ್ಯಾನರ್ ಹಿಡಿದು ಬಾಗಿಲಲ್ಲಿ ನಿಂತಾಗ ಅದನ್ನು ಅಳೆಯುವ ಕೋಲು ಎಲ್ಲಿದೆ ಎಂಬ ಹುಡುಕಾಟ ಶುರುವಾಯಿತು. ಆ ಹುಡುಕಾಟ ನಿಜವಾಗಿ ಬಿರುಸಾದದ್ದು ಒಂದು ಅಪಘಾತದಿಂದ. ಅದನ್ನು ನಿಧಾನವಾಗಿ ಹೇಳಬೇಕು.

2006ರ ಸೆಪ್ಟೆಂಬರ್ 2. ಅಫ್ಘಾನಿಸ್ತಾನದ ಕಂದಹಾರ್ ಹತ್ತಿರ ಬ್ರಿಟಿಷ್ ವಾಯುಪಡೆಯ ನಿಮ್ರಾಡ್ ವಿಮಾನವೊಂದು ಆಕಾಶದಲ್ಲೇ ಇಂಧನ ತುಂಬಿಸಿಕೊಂಡಿತು. ಕೆಲವೇ ನಿಮಿಷಗಳಲ್ಲಿ ಒಳಗೆ ಬೆಂಕಿ ಹೊತ್ತಿತು. ಅದರಲ್ಲಿದ್ದ 14 ಮಂದಿಯೂ ಸತ್ತರು. ವಿಮಾನದ ಸಂಖ್ಯೆ ಎಕ್ಸ್‌ವಿ 230. 1969ರಲ್ಲಿ ವಾಯುಪಡೆಗೆ ಸೇರಿದ ಮೊಟ್ಟಮೊದಲ ನಿಮ್ರಾಡ್ ಅದೇ. ಕಾಮೆಟ್ ಎಂಬ ಇನ್ನೂ ಹಳೆಯ ಪ್ರಯಾಣಿಕ ಜೆಟ್‌ನ ವಂಶದ್ದು. ಸಮುದ್ರದಲ್ಲಿ ಜಲಾಂತರ್ಗಾಮಿ ಹುಡುಕಲು ಹುಟ್ಟಿದ ವಿಮಾನ, ಮುಪ್ಪಿನಲ್ಲಿ ಗುಡ್ಡಗಾಡಿನ ಮೇಲೆ ಕಾವಲು ಕಾಯುತ್ತಿತ್ತು.

ಬೆಂಕಿ ಹೊತ್ತಿದ್ದು ಬಲರೆಕ್ಕೆಯ ಬುಡದಲ್ಲಿ, ಏಳನೇ ಟ್ಯಾಂಕಿನ ಪಕ್ಕದ ಒಂದು ಒಣ ಗೂಡಿನಲ್ಲಿ. ಆ ಗೂಡಿನ ಮೂಲಕ ಎಂಜಿನ್ನಿನಿಂದ ಬರುವ ಬಿಸಿಗಾಳಿಯ ಕೊಳವೆ ಹಾಯ್ದು ಹೋಗುತ್ತಿತ್ತು. ಅದರ ಆಸುಪಾಸಿನಲ್ಲೇ ಇಂಧನದ ಪೈಪುಗಳು, ಅವುಗಳ ಜೋಡಣೆಗಳು. ತುಂಬಿಸುವಾಗ ಟ್ಯಾಂಕಿನಿಂದ ಉಕ್ಕಿದ ಇಂಧನವೋ, ಜೋಡಣೆಯಲ್ಲಿ ಸೋರಿದ್ದೋ, ಒಟ್ಟಿನಲ್ಲಿ ಕಾದ ಕೊಳವೆಯನ್ನು ಮುಟ್ಟಿತು. ಕೊಳವೆಯ ಒಂದು ಭಾಗ ಮೂಲ ವಿನ್ಯಾಸದಲ್ಲೇ ಇತ್ತು. ಇನ್ನೊಂದು ಭಾಗವನ್ನು, ಒಳಗಿನ ಉಪಕರಣಗಳನ್ನು ತಂಪಾಗಿಡುವ ಯಂತ್ರಕ್ಕಾಗಿ, ಎಪ್ಪತ್ತರ ದಶಕದ ಕೊನೆಗೆ ಸೇರಿಸಿದರು. ಆಕಾಶದಲ್ಲಿ ಇಂಧನ ತುಂಬಿಸಿಕೊಳ್ಳುವ ಏರ್ಪಾಡನ್ನು 1982ರ ಫಾಕ್‌ಲೆಂಡ್ ಯುದ್ಧದ ಅವಸರದಲ್ಲಿ ಕೂರಿಸಿದರು. ಒಂದೊಂದನ್ನೇ ನೋಡಿದರೆ ಎಲ್ಲವೂ ಸಮಂಜಸವೇ. ಮೂರನ್ನೂ ಒಟ್ಟಿಗೆ ಇಟ್ಟು ನೋಡಿದವರಿಲ್ಲ. ಸೀಮೆಎಣ್ಣೆ ಡಬ್ಬ ಒಲೆ ಪಕ್ಕ ಬಂದರೆ ನಮ್ಮಜ್ಜಿಗೆ ಯಾವ ಮ್ಯಾನ್ಯುಯಲ್ಲೂ ಬೇಕಿರಲಿಲ್ಲ, ನೋಡಿದರೆ ಸಾಕಿತ್ತು. ಆ ಗೂಡಿನಲ್ಲಿ ಅಜ್ಜಿ ಇರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಹಳೆಯ ವಿಮಾನದ ದುರದೃಷ್ಟ ಎಂದು ಸುಮ್ಮನಾಗಬಹುದಿತ್ತು. ನನ್ನಂಥ ಸ್ಟಾಂಪಿನ ಮನುಷ್ಯನ ನಿದ್ದೆ ಕೆಡಿಸಿದ್ದು ಅದರ ಹಿಂದಿನ ಕಾಗದಪತ್ರ. ನಿಮ್ರಾಡ್‌ನಲ್ಲಿ ಏನೇನು ಅಪಾಯಗಳಿವೆ ಎಂದು ಪಟ್ಟಿ ಮಾಡಿ, ಒಂದೊಂದಕ್ಕೂ ಉತ್ತರ ಬರೆಯುವ ‘ಸುರಕ್ಷತಾ ಕಡತ’ದ ಕೆಲಸ 2001ರಿಂದ 2005ರವರೆಗೆ ನಡೆದಿತ್ತು. ಬರೆದದ್ದು ವಿನ್ಯಾಸದ ಹೊಣೆ ಹೊತ್ತ ಬಿಎಇ ಸಿಸ್ಟಮ್ಸ್ ಕಂಪನಿ. ಬರೆಸಿಕೊಂಡದ್ದು ರಕ್ಷಣಾ ಇಲಾಖೆಯ ನಿಮ್ರಾಡ್ ತಂಡ. ಸ್ವತಂತ್ರವಾಗಿ ನೋಡಿ ಸಲಹೆ ಕೊಡಬೇಕಾದದ್ದು ಕ್ವಿನೆಟಿಕ್ ಎಂಬ ಇನ್ನೊಂದು ಕಂಪನಿ. ಚಾರ್ಲ್ಸ್ ಹ್ಯಾಡನ್-ಕೇವ್ ಎಂಬ ಹಿರಿಯ ವಕೀಲರು ಇದನ್ನೆಲ್ಲ ಬಿಡಿಸಿ ನೋಡಿ 2009ರ ಅಕ್ಟೋಬರ್ 28ರಂದು ವರದಿ ಕೊಟ್ಟರು. ಅವರು ಕಂಡುಕೊಂಡದ್ದು: ಕಂಪನಿ ಸುಮಾರು ಶೇಕಡ 40 ಅಪಾಯಗಳನ್ನು ಇತ್ಯರ್ಥವಾಗಿಲ್ಲ ಎಂದೂ, ಶೇಕಡ 30ನ್ನು ವರ್ಗೀಕರಿಸಿಲ್ಲ ಎಂದೂ ಬಿಟ್ಟಿತ್ತು. 2004ರ ಆಗಸ್ಟ್ ಕೊನೆಗೆ ನಡೆದ ಒಪ್ಪಿಗೆ ಸಭೆಯಲ್ಲಿ ಮಾತ್ರ ಕೆಲಸ ಮುಗಿದಿದೆ ಎಂಬ ಭಾವನೆ ಬರುವಂತೆ ನಡೆದುಕೊಂಡಿತು. ಸಲಹೆಗಾರ ಕಂಪನಿ ಕಡತಗಳನ್ನು ಸರಿಯಾಗಿ ಓದದೆಯೇ ತಲೆಯಾಡಿಸಿತು. ಇಲಾಖೆಯ ತಂಡ, ದೊಡ್ಡ ಕಂಪನಿ ಬರೆದಿದೆ, ಸ್ವತಂತ್ರ ಸಲಹೆಗಾರರು ನೋಡಿದ್ದಾರೆ ಎಂದು ಸಹಿ ಹಾಕಿತು.

ಈ ಮೂರು ಸಹಿಗಳನ್ನು ಒಂದು ಕ್ಷಣ ನೋಡಿ. ಬರೆದವರಿಗೆ ನೋಡುವವರಿದ್ದಾರೆಂಬ ಧೈರ್ಯ. ನೋಡುವವರಿಗೆ ಬರೆದವರು ಬಲ್ಲವರೆಂಬ ಧೈರ್ಯ. ಒಪ್ಪಿಕೊಂಡವರಿಗೆ ಇಬ್ಬರಿದ್ದಾರೆಂಬ ಧೈರ್ಯ. ಜಾತ್ರೆಯಲ್ಲಿ ಮಗು ಕಳೆದುಹೋಗುವುದು ಹೀಗೆಯೇ: ಅಪ್ಪನ ಹತ್ತಿರ ಇದೆ ಎಂದು ಅಮ್ಮ, ಅಮ್ಮನ ಹತ್ತಿರ ಇದೆ ಎಂದು ಅಪ್ಪ, ಇಬ್ಬರ ಹತ್ತಿರವೂ ಇದೆ ಎಂದು ಅತ್ತೆ. ಬೆಂಕಿ ಹೊತ್ತಿದ ಆ ಒಣ ಗೂಡೂ ಪಟ್ಟಿಯಲ್ಲಿತ್ತು, ಅದಕ್ಕೊಂದು ಸಂಖ್ಯೆಯೂ ಇತ್ತು. ಅಲ್ಲಿ ಬೆಂಕಿ ಹತ್ತುವ ಸಂಭವ ತೀರ ಕಡಿಮೆ ಎಂದು ಎದುರಿಗೆ ಬರೆದಿತ್ತು. 2004ರ ನವೆಂಬರಿನಲ್ಲಿ ಎಕ್ಸ್‌ವಿ 227 ಎಂಬ ಇನ್ನೊಂದು ನಿಮ್ರಾಡ್‌ನಲ್ಲಿ ತುಕ್ಕು ಹಿಡಿದ ಬಿಸಿಗಾಳಿ ಕೊಳವೆ ಒಡೆದಿತ್ತು. ಅಷ್ಟಾದರೂ ಕೊಳವೆ ಮತ್ತು ಇಂಧನದ ನೆರೆಹೊರೆಯನ್ನು ಯಾರೂ ಹೊಸ ಕಣ್ಣಿನಿಂದ ನೋಡಲಿಲ್ಲ. 2008ರಲ್ಲಿ ಸಾವುಗಳ ವಿಚಾರಣೆ ನಡೆಸಿದ ಅಧಿಕಾರಿ, ಈ ವಿಮಾನ ಸೇವೆಗೆ ಬಂದ ದಿನದಿಂದಲೂ ಹಾರಾಟಕ್ಕೆ ಯೋಗ್ಯವಾಗಿರಲೇ ಇಲ್ಲ ಎಂದುಬಿಟ್ಟರು. ಸುಮಾರು ನಾಲ್ಕು ದಶಕದ ಸಹಿಗಳೆಲ್ಲ ಒಂದೇ ವಾಕ್ಯದಲ್ಲಿ ಬಿದ್ದುಹೋದವು.

ಹ್ಯಾಡನ್-ಕೇವ್ ಕಂಪನಿಗಳನ್ನು ಹೆಸರು ಹಿಡಿದು ಬೈದರು, ಬೈಯಬೇಕಾದಷ್ಟು ಬೈದರು. ಆದರೆ ಖಾಸಗಿಯವರನ್ನು ಓಡಿಸಿ ಎನ್ನಲಿಲ್ಲ. ಆ ವರ್ಷಗಳಲ್ಲಿ ರಕ್ಷಣಾ ಇಲಾಖೆಯ ಸರಬರಾಜು ವಿಭಾಗಕ್ಕೆ ಖರ್ಚಿನಲ್ಲಿ ಶೇಕಡ 20 ಉಳಿಸಬೇಕೆಂಬ ಗುರಿ ಕೊಟ್ಟಿದ್ದರು. ಪುನರ್ರಚನೆಯ ಮೇಲೆ ಪುನರ್ರಚನೆ ನಡೆದಿತ್ತು. ಹಣ ಮತ್ತು ವ್ಯವಹಾರವೇ ಮಾತಾಗಿ ಹಾರಾಟಯೋಗ್ಯತೆ ಹಿಂದಿನ ಬೆಂಚಿಗೆ ಹೋಗಿತ್ತು. ಅವರ ಬೆರಳು ತಿರುಗಿದ್ದು ಹೆಚ್ಚಾಗಿ ಆ ಕಡೆಗೆ. ಅವರ ವರದಿಯ ಫಲವಾಗಿ 2010ರ ಏಪ್ರಿಲ್ 1ರಂದು ಬ್ರಿಟನ್ನಿನಲ್ಲಿ ಮಿಲಿಟರಿ ಏವಿಯೇಷನ್ ಅಥಾರಿಟಿ ಹುಟ್ಟಿತು. ಸೇನಾ ವಿಮಾನ ರಿಪೇರಿ ಮಾಡುವ ಕಂಪನಿಗಳ ಮಂಜೂರಾತಿ ಅದರ ಕೈಗೆ ಬಂತು. ನಿಯಮಗಳ ಎಲುಬುಗೂಡನ್ನು ನಾಗರಿಕ ವಿಮಾನಯಾನದ ‘ಪಾರ್ಟ್ 145’ರಿಂದಲೇ ತೆಗೆದುಕೊಂಡರು. ಯೂರೋಪಿನ ದೇಶಗಳು ಸೇರಿ ‘ಇಮಾರ್ 145’ ಎಂಬ ಸೇನಾ ರೂಪವನ್ನು ಬರೆದುಕೊಂಡವು. ಆಸ್ಟ್ರೇಲಿಯ ಕೂಡ 2016ರಲ್ಲಿ ಅದೇ ದಾರಿ ಹಿಡಿಯಿತು.

ಈ 145ರಲ್ಲಿ ಏನಿದೆ? ಹ್ಯಾಂಗರಿನ ಬೆಳಕು ಎಷ್ಟಿರಬೇಕು, ಟಾರ್ಕ್ ರೆಂಚನ್ನು ಯಾವಾಗ ಕ್ಯಾಲಿಬ್ರೇಟ್ ಮಾಡಿಸಬೇಕು, ಯಾರು ಸಹಿ ಹಾಕಬಹುದು, ಯಾರು ಹಾಕಬಾರದು, ಹೀಗೆ ಬಹಳ ಇದೆ, ಎಲ್ಲ ಹೇಳಿ ನಿಮ್ಮನ್ನು ಕೊಲ್ಲುವುದಿಲ್ಲ. ನಾಗರಿಕ ಮಂಜೂರಾತಿ ಇದ್ದವರಿಗೆ ಇದರಲ್ಲಿ ಅರ್ಧ ದಾರಿ ಸವೆದಿರುತ್ತದೆ. ಉಳಿದರ್ಧ ಬೇರೆಯೇ ಲೋಕ. ಪೈಲಟನನ್ನು ಹೊರಗೆಸೆಯುವ ಸೀಟಿನ ಕೆಳಗೆ ಸ್ಫೋಟಕವಿರುತ್ತದೆ, ರೆಕ್ಕೆಯ ಕೆಳಗೆ ಮದ್ದುಗುಂಡಿನ ಕೊಕ್ಕೆ ಇರುತ್ತದೆ, ಪ್ರಯಾಣಿಕ ವಿಮಾನದ ಮೆಕ್ಯಾನಿಕ್ ಜನ್ಮದಲ್ಲಿ ಇವನ್ನು ಮುಟ್ಟಿರುವುದಿಲ್ಲ. ಎಲ್ಲಕ್ಕಿಂತ ನನಗೆ ಮುಖ್ಯ ಅನಿಸುವ ಸಾಲು ಬೇರೆ. ಪ್ರತಿ ಕಂಪನಿಯಲ್ಲೂ ಒಬ್ಬ ‘ಅಕೌಂಟಬಲ್ ಮ್ಯಾನೇಜರ್’ ಇರಬೇಕು. ಆತ ಒಳ್ಳೆಯ ಎಂಜಿನಿಯರ್ ಆಗಿರಬೇಕೆಂದು ನಿಯಮ ಮೊದಲು ಕೇಳುವುದಿಲ್ಲ. ಬೇಕಾದ ಕೆಲಸಕ್ಕೆಲ್ಲ ಹಣ ಒದಗಿಸುವ ಅಧಿಕಾರ ಆತನಿಗಿದೆಯೇ ಎಂದು ಕೇಳುತ್ತದೆ. ಅಂದರೆ ಚೀಲದ ದಾರ ಹಿಡಿದವನೇ ಸಹಿ ಹಾಕಬೇಕು. ನಮ್ಮ ಕಡೆ ನಡೆಯುವುದು ಉಲ್ಟಾ: ಚೀಲದ ದಾರ ಒಬ್ಬನ ಕೈಲಿ, ಸಹಿ ಮಾಡುವ ಪೆನ್ನು ಇನ್ನೊಬ್ಬನ ಕೈಲಿ, ನೇಣು ಮೂರನೆಯವನ ಕೊರಳಿಗೆ.

ಇಷ್ಟು ಕೇಳಿ, ನೋಡಿದಿರಾ, ಕಂಪನಿಗಳನ್ನು ನಂಬಬಾರದು ಎಂದು ಯಾರಾದರೂ ಮನಸ್ಸಿನಲ್ಲಿ ಅಂದುಕೊಂಡಿದ್ದರೆ ಅವರಿಗೊಂದು ಅಮೆರಿಕದ ಕಥೆ. 2017ರ ಜುಲೈ 10ರಂದು ಮಿಸಿಸಿಪ್ಪಿ ರಾಜ್ಯದ ಹೊಲಗಳ ಮೇಲೆ ಮರೀನ್ ಪಡೆಯ ಕೆಸಿ-130 ವಿಮಾನ ಚೂರಾಗಿ ಬಿತ್ತು, 16 ಮಂದಿ ಸತ್ತರು. ಪ್ರೊಪೆಲರಿನ ಒಂದು ಅಲಗು ಹಾರಾಟದಲ್ಲೇ ಕಿತ್ತು ವಿಮಾನದ ಒಡಲನ್ನು ಸೀಳಿತ್ತು. ಅಲಗಿನ ಒಳಗೆ ತುಕ್ಕಿನ ಕುಳಿ, ಆ ಕುಳಿಯಿಂದ ಬೆಳೆದ ಬಿರುಕು. 2011ರಲ್ಲಿ ಅದೇ ಅಲಗು ಓವರ್‌ಹಾಲ್‌ಗೆ ಬಂದಾಗ ತುಕ್ಕನ್ನು ತೆಗೆದಿರಲಿಲ್ಲ. ಬಂದದ್ದು ಯಾವ ಖಾಸಗಿ ಗ್ಯಾರೇಜಿಗೂ ಅಲ್ಲ, ಜಾರ್ಜಿಯದ ವಾರ್ನರ್ ರಾಬಿನ್ಸ್‌ನಲ್ಲಿರುವ ಅಮೆರಿಕದ ವಾಯುಪಡೆಯ ಸ್ವಂತ ಡಿಪೊಗೆ. ಕೆಲಸದ ಕಾಗದಗಳನ್ನು ಎರಡು ವರ್ಷವಷ್ಟೇ ಇಡುವ ಪದ್ಧತಿಯಿದ್ದುದರಿಂದ, ತನಿಖೆಯವರು ಬರುವ ಹೊತ್ತಿಗೆ ಆ ಅಲಗನ್ನು ಮುಟ್ಟಿದ ಕೈ ಯಾವುದೆಂದು ಹೇಳುವ ಪುಟವೇ ಉಳಿದಿರಲಿಲ್ಲ. ಡಿಪೊ ಮಟ್ಟದ ರಿಪೇರಿ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಖಾಸಗಿಯವರಿಗೆ ಹೋಗಬಾರದು ಎಂದು ಅಮೆರಿಕದಲ್ಲಿ ಕಾನೂನೇ ಇದೆ. ಯುದ್ಧಕಾಲದಲ್ಲಿ ಕೈಕಟ್ಟಿ ಕೂರಬಾರದು ಎಂಬುದಕ್ಕೆ ಅದು ಒಳ್ಳೆಯ ಕಾನೂನು. ತುಕ್ಕಿಗೆ ಆ ಲೆಕ್ಕ ಗೊತ್ತಿಲ್ಲ.

ಹಣದ ಬಗ್ಗೆಯೂ ಒಂದು ಮಾತು. ಹಿಂದೆ ಕಂಪನಿಗಳಿಗೆ ಬಿಡಿಭಾಗಕ್ಕಿಷ್ಟು, ರಿಪೇರಿಗಿಷ್ಟು ಎಂದು ಕೊಡುತ್ತಿದ್ದರು. ಕೆಟ್ಟಷ್ಟೂ ಅವರಿಗೆ ಲಾಭ. ಈಗ ಹಲವು ದೇಶಗಳಲ್ಲಿ ಹಾರಲು ಸಿದ್ಧವಿರುವ ವಿಮಾನಕ್ಕೆ ಇಷ್ಟು ಎಂದು ಕೊಡುತ್ತಾರೆ. 2006ರಲ್ಲಿ ಬ್ರಿಟನ್ ತನ್ನ ಟಾರ್ನೇಡೊ ವಿಮಾನಗಳಿಗೆ ಬಿಎಇ ಜೊತೆ ಮಾಡಿಕೊಂಡದ್ದು ಇಂಥ ಒಪ್ಪಂದ. ಇದರಲ್ಲಿ ಕೆಡದಂತೆ ನೋಡಿಕೊಂಡವನಿಗೆ ಲಾಭ, ಅದು ವಾಸಿ. ಆದರೆ ತಿಂಗಳ ಕೊನೆಯ ದಿನ, ಲೆಕ್ಕಕ್ಕೆ ಒಂದು ವಿಮಾನ ಕಡಿಮೆ ಇರುವಾಗ, ಸಣ್ಣ ಸೋರಿಕೆಯನ್ನು ‘ಮುಂದಿನ ಸರ್ವಿಸಿಂಗಿನಲ್ಲಿ ನೋಡಿಕೊಳ್ಳೋಣ’ ಎಂದು ಬರೆಯುವ ಆಸೆ ಯಾರಿಗೆ ಬರುವುದಿಲ್ಲ? ನನಗೆ ಬಂದಿದೆ. ನಮ್ಮಲ್ಲಿ ಆಗ ಲಾಭದ ಒಪ್ಪಂದವಿರಲಿಲ್ಲ, ಮಾರ್ಚ್ 31 ಇತ್ತು. ಎರಡೂ ಒಂದೇ.

ನಮ್ಮ ದೇಶಕ್ಕೆ ಬರೋಣ. ವಾಯುಪಡೆಗೆ ಕಾನ್ಪುರ, ಚಂಡೀಗಢ, ಸೂಲೂರು, ಓಝರ್ ಮುಂತಾದ ಕಡೆ ಸ್ವಂತ ರಿಪೇರಿ ಡಿಪೊಗಳಿವೆ, ಎಚ್‌ಎಎಲ್‌ನ ಓವರ್‌ಹಾಲ್ ವಿಭಾಗಗಳಿವೆ. 2020ರಲ್ಲಿ ವಿಮಾನ ರಿಪೇರಿ ಮೇಲಿನ ಜಿಎಸ್‌ಟಿ ಶೇಕಡ 18ರಿಂದ 5ಕ್ಕೆ ಇಳಿಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಹಣಕಾಸು ಸಚಿವೆ ಸೇನೆಯ ಮತ್ತು ನಾಗರಿಕ ರಿಪೇರಿ ಕೇಂದ್ರಗಳನ್ನು ಬೆಸೆಯುವ ಮಾತಾಡಿದರು. ಸಿ-295 ಸಾಗಣೆ ವಿಮಾನಗಳಲ್ಲಿ 40ನ್ನು ವಡೋದರದಲ್ಲಿ ಟಾಟಾದವರು ಕಟ್ಟುತ್ತಾರೆ. ಕಟ್ಟಿದವರು ನಾಳೆ ರಿಪೇರಿಯನ್ನೂ ಕೇಳುವುದು ಸಹಜ. ಬಾಗಿಲು ತೆರೆದಾಗಿದೆ, ಅದರ ಬಗ್ಗೆ ನನಗೆ ತಕರಾರಿಲ್ಲ.

ನನ್ನ ತಕರಾರು ಬಾಗಿಲು ಕಾಯುವವರ ಬಗ್ಗೆ. ಸೇನಾ ವಿಮಾನಗಳ ಹಾರಾಟಯೋಗ್ಯತೆಯನ್ನು ಪ್ರಮಾಣೀಕರಿಸುವ ಸೆಮಿಲ್ಯಾಕ್ 1995ರಲ್ಲಿ ಶುರುವಾದ ಸಂಸ್ಥೆ, ನಮ್ಮ ಮಾರತ್ತಹಳ್ಳಿಯಲ್ಲೇ ಇದೆ. ಕಸುಬು ಬಲ್ಲ ಜನ, ಅನೇಕರು ನನ್ನ ಗುರುಸಮಾನರು. ಆದರೆ ಅದು ಡಿಆರ್‌ಡಿಒ ಅಡಿಯಲ್ಲಿದೆ, ಡಿಆರ್‌ಡಿಒ ತಾನೇ ವಿನ್ಯಾಸ ಮಾಡುವ ಸಂಸ್ಥೆ. ಗುಣಮಟ್ಟ ನೋಡುವ ಡಿಜಿಎಕ್ಯೂಎ ರಕ್ಷಣಾ ಉತ್ಪಾದನಾ ಇಲಾಖೆಯ ಅಡಿಯಲ್ಲಿದೆ, ಎಚ್‌ಎಎಲ್ ಕೂಡ ಅದೇ ಇಲಾಖೆಯ ಮಗು. ಪರೀಕ್ಷೆ ಬರೆಯುವವನೂ ಉತ್ತರಪತ್ರಿಕೆ ತಿದ್ದುವವನೂ ಒಂದೇ ಮನೆಯಲ್ಲಿ ಉಂಡು ಮಲಗುತ್ತಾರೆ. ಮನೆಯವರೆಲ್ಲ ಸಂಭಾವಿತರಾದ್ದರಿಂದ ಇಷ್ಟು ದಿನ ನಡೆದಿದೆ. ಡಿಡಿಪಿಎಂಎಎಸ್ ಎಂಬ ಹಳೆಯ ಕಾರ್ಯವಿಧಾನದ ಜಾಗಕ್ಕೆ ಈಗ ಇಮ್‌ಟಾರ್-21 ಬಂದಿದೆ, ಸಂಸ್ಥೆಗಳಿಗೆ ಮಂಜೂರಾತಿ ಕೊಡುವ ಕ್ರಮ ಅದರಲ್ಲಿ ಹೆಚ್ಚು ಸ್ಪಷ್ಟವಾಗಿದೆ. ಕಾಗದ ಚೆನ್ನಾಗಿದೆ. ಇನ್ನು ಬೇಕಾದದ್ದು ಒಂದೇ. ಖಾಸಗಿ ಕಂಪನಿಯೊಂದು ಬಂದಾಗ ಅದರ ಹ್ಯಾಂಗರ್ ನೋಡಲು ಹೋಗುವ ಅಧಿಕಾರಿ, ಬೇಡ, ಈ ವಿಮಾನ ನಾಳೆ ಹೊರಡುವುದಿಲ್ಲ ಎಂದರೆ, ಆತನ ಬಡ್ತಿಯ ಫೈಲು ಆ ವಿಮಾನಕ್ಕಾಗಿ ಕಾಯುತ್ತಿರುವವರ ಮೇಜಿಗೆ ಹೋಗಬಾರದು. ಇಷ್ಟಾದರೆ ಖಾಸಗಿಯೋ ಸರ್ಕಾರಿಯೋ ಎಂಬ ಜಗಳದ ಮುಕ್ಕಾಲು ಪಾಲು ತಾನೇ ತಣ್ಣಗಾಗುತ್ತದೆ ಎಂದು ನನ್ನ ಲೆಕ್ಕ.

ಈಗ ಕನ್ನಡಿ. ಯಾವ ಹ್ಯಾಂಗರ್, ಯಾವ ವಿಮಾನ ಎಂದು ಕೇಳಬೇಡಿ. ರಾತ್ರಿ ಪಾಳಿ. ಬೆಳಿಗ್ಗೆ ಡೆಲಿವರಿ, ಪೈಲಟ್ ಬಂದು ವಿಮಾನದ ಎಫ್-700 ದಾಖಲೆ ಪುಸ್ತಕಕ್ಕೆ ಸಹಿ ಹಾಕಿ ವಿಮಾನ ತೆಗೆದುಕೊಂಡು ಹೋಗಬೇಕು. ನಮ್ಮ ಟೂಲ್ ಬೋರ್ಡಿನಲ್ಲಿ ಪ್ರತಿ ಹತಾರದ ಆಕಾರವನ್ನು ಕಪ್ಪು ಬಣ್ಣದಲ್ಲಿ ಬರೆದಿರುತ್ತಾರೆ. ಹತಾರ ತೆಗೆದರೆ ನೆರಳು ಉಳಿಯುತ್ತದೆ. ಪಾಳಿ ಮುಗಿಯುವಾಗ ಒಂದು ನೆರಳು ಹಾಗೇ ಇತ್ತು, ಕಡ್ಡಿಯ ತುದಿಗೆ ಸಣ್ಣ ಗುಂಡನೆಯ ನೆರಳು. ಲೇಬರ್ ಕಾಂಟ್ರಾಕ್ಟರ್ ಕಡೆಯಿಂದ ಬಂದಿದ್ದ ಹುಡುಗನೊಬ್ಬ ಬಂದು ನಿಂತ.

“ಸಾರ್, ಮಿರರ್ ಸಿಕ್ತಿಲ್ಲ. ನಾನೇ ತಗೊಂಡಿದ್ದು.”

ಫೋರ್‌ಮನ್ ಗಡಿಯಾರ ನೋಡಿದರು. “ಎಲ್ಲೋ ಬೆಂಚ್ ಕೆಳಗೆ ಬಿದ್ದಿರುತ್ತೆ. ನಾಳೆ ನೋಡೋಣ ಬಿಡೋ.”

“ಬೆಂಚ್ ಕೆಳಗೆ ನೋಡ್ದೆ ಸಾರ್. ಒಳಗೇ ಬಿಟ್ಟಿದೀನಿ ಅನ್ಸುತ್ತೆ.”

ನಾನು ಕಾರ್ಡಿನ ಮೇಲೆ ಸ್ಟಾಂಪ್ ಒತ್ತಲಿಲ್ಲ. ಮುಚ್ಚಿದ್ದ ಪ್ಯಾನೆಲುಗಳನ್ನು ಮತ್ತೆ ಬಿಚ್ಚಿದೆವು, ಮೂರು ಗಂಟೆ ಹಿಡಿಯಿತು. ಎರಡು ಪೈಪುಗಳ ನಡುವೆ, ಕಂಟ್ರೋಲ್ ರಾಡು ಓಡಾಡುವ ಜಾಗದಿಂದ ನಾಲ್ಕು ಬೆರಳಿನ ದೂರದಲ್ಲಿ ಸಿಕ್ಕಿತು, ಗಾಜು ಸೀಳಿತ್ತು. ವಿಮಾನ ಒಂದು ದಿನ ತಡವಾಗಿ ಹೋಯಿತು. ನನಗೆ ಒಂದು ಮೆಮೊ ಬಂತು, ಉತ್ತರ ಬರೆದೆ, ಮುಗಿಯಿತು, ನನ್ನದು ಪರ್ಮನೆಂಟ್ ಕೆಲಸ. ಮುಂದಿನ ತಿಂಗಳು ಆ ಹುಡುಗನ ಗೇಟ್ ಪಾಸನ್ನು ಕಾಂಟ್ರಾಕ್ಟರ್ ನವೀಕರಿಸಲಿಲ್ಲ. ಯಾರು ಹೇಳಿ ಮಾಡಿಸಿದರು ಎಂದು ಕೇಳಿದೆ, ಯಾರೂ ಹೇಳಿಲ್ಲ ಸಾರ್ ಎಂದರು. ಜಾಬ್ ಕಾರ್ಡಿನ ಮೇಲೆ ಒತ್ತುವ ಸ್ಟಾಂಪ್ ನನ್ನ ಜೇಬಿನಲ್ಲಿತ್ತು. ಗೇಟ್ ಪಾಸಿನ ಮೇಲೆ ಒತ್ತುವುದು ನನ್ನ ಹತ್ತಿರ ಇರಲಿಲ್ಲ.

ಸೀಳಿದ ಕನ್ನಡಿಯನ್ನು ಸ್ಕ್ರ್ಯಾಪ್ ಎಂದು ಬರೆಸಿ ನಾನೇ ಇಟ್ಟುಕೊಂಡೆ. ಹಿಂದಿನ ಸಾಲಿನವರೇ, ನಿಮ್ಮ ಹತ್ತಿರ ಬಂದಿದೆಯಾ? ನೋಡಿ ಮುಗಿದಿದ್ದರೆ ಮುಂದಕ್ಕೆ ಕಳಿಸಿ. ಬಾಗಿಲು ಹಾಕುವ ಮೊದಲು ಎಣಿಸಿಕೊಳ್ಳಬೇಕು.